ಒಂಬತ್ತು ‘ಇಲ್ಲ’ಗಳು

ಪ್ರಯಾಣಕ್ಕೆ ಇನ್ನು ನಾಲ್ಕೇ ದಿನ ಉಳಿದಿದ್ದಾಗ ವಿಮಾನ ಸಂಸ್ಥೆಯಿಂದ ಒಂದು ಸಂದೇಶ ಬಂತು. ನನ್ನನ್ನು ಹೆಸರು ಹಿಡಿದು ಆದರದಿಂದ ಮಾತನಾಡಿಸಿ, ನನ್ನ ಆಸನದ ಸಂಖ್ಯೆಯನ್ನು ನೆನಪಿಸಿ, ಕಾಲು ಚಾಚಲು ಇನ್ನಷ್ಟು ಜಾಗ ಬೇಕೆನಿಸಿದರೆ ಇನ್ನಷ್ಟು ಹಣ ಕೊಡುವ ಅವಕಾಶ ಇನ್ನೂ ತೆರೆದೇ ಇದೆಯೆಂಬ ಸಂತೋಷದ ಸುದ್ದಿಯನ್ನೂ ತಿಳಿಸಿ, ಹೊರಟು ನಿಂತ ಮೇಲೆ ಹೊಸ್ತಿಲಲ್ಲಿ ಬಂದ ಕೆಲಸದ ಮಾತೆತ್ತುವ ನೆಂಟರ ಹಾಗೆ ಕಟ್ಟಕಡೆಯ ಸಾಲಿನಲ್ಲಿ ಅದು ಕೇಳಿತ್ತು: ತಾವು ಎಲೆಕ್ಟ್ರಾನಿಕ್ ಪ್ರಯಾಣ ಅನುಮತಿಯನ್ನು ಪಡೆದಿದ್ದೀರಷ್ಟೆ?

ನಾನು ಪಡೆದಿರಲಿಲ್ಲ. ಆ ದೇಶಕ್ಕೆ ಹೋಗಲು ನನಗೆ ವೀಸಾ ಬೇಕಿಲ್ಲವೆಂಬುದನ್ನು ಟಿಕೆಟ್ ಕೊಳ್ಳುವಾಗಲೇ ಖಚಿತಪಡಿಸಿಕೊಂಡಿದ್ದೆ. ಅಷ್ಟೇ ಅಲ್ಲ, ಬೇರೊಂದು ದೇಶದ ವೀಸಾಕ್ಕಾಗಿ ತಿಂಗಳುಗಟ್ಟಲೆ ಅಲೆಯುತ್ತಿದ್ದ ಪರಿಚಿತರೊಬ್ಬರ ಎದುರಿಗೆ ಆ ಸಂಗತಿಯನ್ನು ಅಗತ್ಯಕ್ಕಿಂತ ಒಂದೆರಡು ಬಾರಿ ಹೆಚ್ಚಾಗಿಯೇ ಹೇಳಿಕೊಂಡಿದ್ದೆ. ವೀಸಾ ಬೇಕಿಲ್ಲದವರು ವೀಸಾ ಇಲ್ಲದೆ ಬರುವುದಕ್ಕೆ ಮುಂಚಿತವಾಗಿ ಅಪ್ಪಣೆ ಪಡೆದಿರಬೇಕು ಎಂಬ ಸೂಕ್ಷ್ಮ ನನ್ನ ಬುದ್ಧಿಗೆ ನಿಲುಕಿರಲಿಲ್ಲ. ಯಾವ ದೇಶವೆಂದು ಇಲ್ಲಿ ಹೇಳುವುದಿಲ್ಲ. ಅವರು ಕೊಟ್ಟ ಅನುಮತಿಯ ಅವಧಿ ಇನ್ನೂ ಮುಗಿದಿಲ್ಲವಾದ್ದರಿಂದ ಸ್ವಲ್ಪ ಎಚ್ಚರದಿಂದಿರುವುದು ಲೇಸು. ಅಲ್ಲದೆ ಇದು ಯಾವುದೋ ಒಂದು ದೇಶಕ್ಕೆ ಮಾತ್ರ ಹತ್ತಿದ ಚಾಳಿಯೂ ಅಲ್ಲ. 1996ರಲ್ಲಿ ಆಸ್ಟ್ರೇಲಿಯ ಇದನ್ನು ಆರಂಭಿಸಿತು. ಅಮೆರಿಕ 2009ರಲ್ಲಿ, ಕೆನಡಾ 2016ರಲ್ಲಿ ತಮ್ಮ ತಮ್ಮ ಬಗೆಯಲ್ಲಿ ಕಡ್ಡಾಯ ಮಾಡಿದವು. 2023ರಲ್ಲಿ ಬ್ರಿಟನ್ ಸಾಲಿಗೆ ಸೇರಿಕೊಂಡಿತು. ಇವೆಲ್ಲವನ್ನೂ ಮೀರಿಸಿದ್ದು ಕೆನ್ಯಾ. 2024ರ ಜನವರಿಯಿಂದ ಜಗತ್ತಿನ ಯಾರಿಗೂ ತನ್ನ ವೀಸಾ ಬೇಕಿಲ್ಲವೆಂದು ಆ ದೇಶ ಉದಾರವಾಗಿ ಸಾರಿತು. ಆ ಔದಾರ್ಯದ ಫಲವಾಗಿ, ಅದುವರೆಗೆ ಏನೂ ಇಲ್ಲದೆ ಸುಮ್ಮನೆ ಹೋಗಿ ಬರುತ್ತಿದ್ದ ಹಲವು ದೇಶಗಳವರೂ 30 ಡಾಲರ್ ಶುಲ್ಕ ಕಟ್ಟಿ ಪ್ರಯಾಣ ಅನುಮತಿಗೆ ಅರ್ಜಿ ಹಾಕಬೇಕಾಯಿತು.

ವಿಮಾನ ಸಂಸ್ಥೆಗೆ ನನ್ನ ಮೇಲೆ ಇದ್ದಕ್ಕಿದ್ದಂತೆ ಅಷ್ಟೊಂದು ಕಾಳಜಿ ಹುಟ್ಟಿದ್ದು ಹೇಗೆಂದು ಅಚ್ಚರಿಪಡಬೇಕಾಗಿಲ್ಲ. ಕಾಗದಪತ್ರ ಸರಿಯಿಲ್ಲದವರನ್ನು ಹೊತ್ತು ತಂದ ವಿಮಾನ, ಹಡಗುಗಳಿಗೆ ತಲೆಗೆ ಇಂತಿಷ್ಟೆಂದು ದಂಡ ಹಾಕುವ ಕಾನೂನನ್ನು ಬ್ರಿಟನ್ 1987ರಲ್ಲೇ ಮಾಡಿತು. ಮೊದಲು 1,000 ಪೌಂಡ್ ಇದ್ದದ್ದು ಆಮೇಲೆ 2,000 ಆಯಿತು. ಬೇರೆ ದೇಶಗಳಲ್ಲೂ ಇಂಥ ಕಾನೂನುಗಳಿವೆ. ಹೀಗೆ ಒಂದು ದೇಶದ ಗಡಿ ತನ್ನ ಜಾಗವನ್ನು ಬಿಟ್ಟು ಹೊರಟು, ಸಾಗರಗಳನ್ನು ದಾಟಿ, ನಾವು ವಿಮಾನ ಹತ್ತುವ ಊರಿನ ಕೌಂಟರಿನ ಮೇಲೆ ಬಂದು ಕುಳಿತುಕೊಂಡಿತು. ಈಗ ಅದು ಅಲ್ಲಿಂದಲೂ ಎದ್ದು ನನ್ನ ಮೊಬೈಲಿನೊಳಗೆ ಬಂದಿದೆ. ರಾತ್ರಿ ಮಲಗುವಾಗ ತಲೆದಿಂಬಿನ ಪಕ್ಕದಲ್ಲಿ ಅದನ್ನಿಟ್ಟುಕೊಂಡೇ ಮಲಗುತ್ತೇನೆ.

ಇರಲಿ. ಆ ಅರ್ಜಿಯನ್ನು ತುಂಬುತ್ತಿರುವಾಗ, ಅದರಲ್ಲೂ ಅದರ ನಡುಭಾಗದ ಒಂಬತ್ತು ಪ್ರಶ್ನೆಗಳನ್ನು ಎದುರಿಸುತ್ತಿರುವಾಗ, ಸತ್ಯ ಮತ್ತು ಮನುಷ್ಯಸ್ವಭಾವ ಇವೆರಡರ ನಡುವಿನ ನಂಟಿನ ಬಗ್ಗೆ ನನಗೊಂದು ಹೊಳಹು ಸಿಕ್ಕಿತು. ಅದನ್ನು ಓದುಗರ ಮುಂದಿಡಬೇಕೆಂದೇ ಈ ಬರಹಕ್ಕೆ ಕೈಹಾಕಿದ್ದೇನೆ. ಅದಕ್ಕೆ ಮೊದಲು ಒಂದೆರಡು ಮಾತು.

ಸರಿಯಾದ ವೆಬ್‌ಸೈಟನ್ನು ಹುಡುಕುವುದೇ ಮೊದಲನೆಯ ಪರೀಕ್ಷೆ. ಹುಡುಕಾಟದ ಪುಟದಲ್ಲಿ ಎಲ್ಲಕ್ಕಿಂತ ಮೇಲೆ, ರಾಷ್ಟ್ರಧ್ವಜದ ಬಣ್ಣಗಳನ್ನು ಉಟ್ಟುಕೊಂಡು, ಸರ್ಕಾರಕ್ಕಿಂತ ಹೆಚ್ಚು ಸರ್ಕಾರದಂತೆ ಕಾಣುವ ತಾಣಗಳು ನಿಂತಿರುತ್ತವೆ. ಅಸಲಿ ತಾಣ ಕೇಳುವ ಶುಲ್ಕದ ಹಲವು ಪಟ್ಟನ್ನು ಇವು ಕೇಳುತ್ತವೆ, ಮತ್ತು ನಾವು ಇವರಿಗೆ ಬರೆದುಕೊಟ್ಟದ್ದನ್ನು ಇವರು ಅಸಲಿ ತಾಣದಲ್ಲಿ ಮತ್ತೊಮ್ಮೆ ಬರೆಯುತ್ತಾರೆ, ಬರೆದರೆ. ಅಸಲಿಯನ್ನು ಗುರುತಿಸುವ ಬಗೆಯನ್ನು ನಾನು ಬೇಗ ಕಲಿತೆ. ಯಾವುದು ನಗುಮುಖದಿಂದ ಸ್ವಾಗತಿಸುತ್ತದೆಯೋ ಅದು ನಕಲಿ. ಯಾವುದು ‘ತಾವೇಕೆ ಬಂದಿರಿ’ ಎಂಬಂತೆ ನೋಡುತ್ತದೆಯೋ ಅದೇ ಸರ್ಕಾರ.

ಆ ಸರ್ಕಾರ ಮೊದಲು ನನ್ನನ್ನು ಮನುಷ್ಯನೆಂದು ರುಜುವಾತುಪಡಿಸುವಂತೆ ಕೇಳಿತು. ಒಂಬತ್ತು ಮಸುಕು ಚಿತ್ರಗಳಲ್ಲಿ ಸಿಗ್ನಲ್ ಕಂಬಗಳು ಎಲ್ಲಿವೆಯೆಂದು ತೋರಿಸಬೇಕಿತ್ತು. ಕಂಬದ ತಲೆ ಒಂದು ಚೌಕದಲ್ಲಿ, ಬುಡ ಇನ್ನೊಂದು ಚೌಕದಲ್ಲಿ. ಬುಡವೂ ಸಿಗ್ನಲ್ಲೇ ಎಂದು ನಾನು ವಾದಿಸಬಲ್ಲೆ, ಆದರೆ ವಾದಕ್ಕೆ ಅಲ್ಲಿ ಎಡೆಯಿಲ್ಲ. ಎರಡು ಬಾರಿ ಸೋತು ಮೂರನೆಯ ಬಾರಿಗೆ ಮನುಷ್ಯನಾದೆ. ನನ್ನ ಅರ್ಜಿಯನ್ನು ಕೊನೆಗೂ ಓದಲಿದ್ದದ್ದು ಒಂದು ಯಂತ್ರವೆಂಬುದನ್ನು ನೆನೆದರೆ, ಓದುವವರ ಕಡೆಯಿಂದಲೂ ಇಂಥದೇ ಒಂದು ರುಜುವಾತನ್ನು ಕೇಳುವ ಹಕ್ಕು ನನಗಿರಬೇಕಿತ್ತು ಎನಿಸುತ್ತದೆ.

ಹೆಸರು, ಹುಟ್ಟಿದ ಊರು, ತಂದೆತಾಯಿಯರ ಹೆಸರು, ಕೆಲಸ ಕೊಟ್ಟವರ ವಿಳಾಸ, ಅಲ್ಲಿ ಹೋಗಿ ಮಲಗುವ ಮೊದಲ ರಾತ್ರಿಯ ವಿಳಾಸ, ಅಪಾಯ ಒದಗಿದರೆ ಯಾರಿಗೆ ತಿಳಿಸಬೇಕೆಂಬುದು, ಇವೆಲ್ಲ ಸುಲಭವಾಗಿಯೇ ಮುಗಿದವು. ಆಮೇಲೆ ಬಂದವು ಆ ಒಂಬತ್ತು ಪ್ರಶ್ನೆಗಳು. ತಾವು ಗೂಢಚರ್ಯೆಯಲ್ಲಿ ತೊಡಗಿದ್ದೀರಾ? ವಿಧ್ವಂಸಕ ಕೃತ್ಯದಲ್ಲಿ? ಭಯೋತ್ಪಾದನೆಯಲ್ಲಿ? ಜನಾಂಗಹತ್ಯೆಯಲ್ಲಿ ಭಾಗವಹಿಸಿದ್ದೀರಾ, ಅಥವಾ ಭಾಗವಹಿಸುವ ಉದ್ದೇಶ ಹೊಂದಿದ್ದೀರಾ? ಪ್ರತಿಯೊಂದರ ಪಕ್ಕದಲ್ಲಿ ಎರಡು ದುಂಡಗಿನ ಬಟನ್‌ಗಳು: ಹೌದು, ಇಲ್ಲ. ಒಂಬತ್ತನೆಯದು ಮಾತ್ರ ಸೌಮ್ಯವಾಗಿತ್ತು: ಈ ಹಿಂದೆ ಯಾವುದೇ ದೇಶ ತಮ್ಮ ಅರ್ಜಿಯನ್ನು ತಿರಸ್ಕರಿಸಿದೆಯೇ?

ಪಕ್ಕದಲ್ಲಿ ಕುಳಿತಿದ್ದ ಮಗಳು, “ಎಲ್ಲದಕ್ಕೂ ‘ಇಲ್ಲ’ ಒತ್ತಪ್ಪ, ಓದ್ತಾ ಕೂತ್ಕೋಬೇಡ” ಎಂದಳು.

ಆದರೆ ಓದದೆ ಉತ್ತರಿಸುವುದು ನನ್ನಿಂದಾಗದ ಕೆಲಸ. ಕುಂಬಳಕಾಯಿ ಕಳ್ಳ ಎಂದು ಯಾರೋ ಕೂಗಿದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಕಳ್ಳನೆಂದು ಗಾದೆ ಹೇಳುತ್ತದೆ. ಗಾದೆ ಕಟ್ಟಿದವರಿಗೆ ನನ್ನಂಥವರ ಪರಿಚಯವಿರಲಿಲ್ಲ. ಕುಂಬಳಕಾಯಿಯನ್ನು ಕಂಡೇ ಇರದಿದ್ದರೂ ಹೆಗಲನ್ನು ಮುಟ್ಟಿ ನೋಡಿಕೊಳ್ಳುವವರದೇ ಒಂದು ದೊಡ್ಡ ಪಂಗಡವಿದೆ. ವಿಧ್ವಂಸಕ ಕೃತ್ಯ ಎಂಬ ಮಾತನ್ನು ಓದಿದಾಗ, ಹಿಂದೊಮ್ಮೆ ಕಚೇರಿಯಲ್ಲಿ ಮುದ್ರಣಯಂತ್ರ ಕೆಟ್ಟಾಗ ಅದರ ಬಳಿ ಕಡೆಯದಾಗಿ ನಿಂತಿದ್ದವನು ನಾನೆಂಬುದೂ, ಆ ವಿಷಯವನ್ನು ಯಾರಿಗೂ ಹೇಳಿರಲಿಲ್ಲವೆಂಬುದೂ ನೆನಪಿಗೆ ಬಂತು. ಉದ್ದೇಶವಿರಲಿಲ್ಲ. ಆದರೆ ಪ್ರಶ್ನೆ ಉದ್ದೇಶವನ್ನು ಕೇಳಿರಲಿಲ್ಲ.

ಇನ್ನೊಂದು ತೊಡಕು ನಮ್ಮ ಭಾಷೆಯದು. ಇಂಗ್ಲಿಷಿನವರಿಗೆ ನಿಷೇಧವೆಂದರೆ ಒಂದೇ ‘ನೋ’. ಅದನ್ನೊತ್ತಿ ಮುಂದೆ ಹೋಗುತ್ತಾರೆ. ಕನ್ನಡದಲ್ಲಿ ಯೋಚಿಸುವವನು ಗೂಢಚರ್ಯೆ ಮಾಡಿದ್ದೀರಾ ಎಂದರೆ ‘ಇಲ್ಲ’ ಎನ್ನಬೇಕು, ನೀವು ಗೂಢಚಾರರೇ ಎಂದರೆ ‘ಅಲ್ಲ’ ಎನ್ನಬೇಕು. ಎರಡೂ ಒಂದೇ ಅಲ್ಲ. ಹಿಂದಿನ ವಾಕ್ಯದಲ್ಲಿ ‘ಒಂದೇ ಇಲ್ಲ’ ಎಂದು ಬರೆದು ನೋಡಿದರೆ ತಿಳಿಯುತ್ತದೆ. ಒಂದು, ಕೆಲಸ ನಡೆಯಲಿಲ್ಲವೆನ್ನುತ್ತದೆ. ಇನ್ನೊಂದು, ನಾನು ಅಂಥವನಲ್ಲವೆನ್ನುತ್ತದೆ. ಇವಲ್ಲದೆ ಬೇಡ, ಒಲ್ಲೆ, ಕೂಡದು, ಬಾರದು, ಆರೆ ಎಂದು ನಿರಾಕರಣೆಯ ಒಂದು ದೊಡ್ಡ ಸಂಸಾರವೇ ನಮ್ಮಲ್ಲಿದೆ. ಅಲ್ಲಿ ಹೋಗಿ ಭಯೋತ್ಪಾದನೆ ನಡೆಸುವ ಉದ್ದೇಶವಿದೆಯೇ ಎಂದು ಕೇಳಿದವರಿಗೆ ನನ್ನ ಪ್ರಾಮಾಣಿಕ ಉತ್ತರ ‘ಇಲ್ಲ’ ಎಂಬುದಕ್ಕಿಂತ ‘ಆರೆ’ ಎಂಬುದಕ್ಕೆ ಹತ್ತಿರವಾಗಿತ್ತು. ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆ. ಆದರೆ ಅಂಥ ಉತ್ತರಕ್ಕೆ ಬಟನ್ ಇರಲಿಲ್ಲ.

ಇಂಥ ಪ್ರಶ್ನೆಗೆ ಯಾರಾದರೂ ‘ಹೌದು’ ಎನ್ನುತ್ತಾರೆಯೇ? ಎನ್ನುತ್ತಾರೆ. 2017ರಲ್ಲಿ ಇಂಗ್ಲೆಂಡಿನ ಒಬ್ಬ ಅಜ್ಜ ಇಡೀ ಕುಟುಂಬದ ಪರವಾಗಿ ಅಮೆರಿಕದ ಪ್ರಯಾಣ ಅನುಮತಿಯ ಅರ್ಜಿಗಳನ್ನು ತುಂಬಿದರು. ಹೊರಟಿದ್ದು ಫ್ಲಾರಿಡಾದ ಒರ್ಲ್ಯಾಂಡೊಗೆ ರಜೆ ಕಳೆಯಲು. ಕೂಸಿನ ಅರ್ಜಿಯಲ್ಲಿ, ಭಯೋತ್ಪಾದನೆ, ಗೂಢಚರ್ಯೆ, ಜನಾಂಗಹತ್ಯೆಗಳನ್ನು ಒಟ್ಟುಗೂಡಿಸಿ ಕೇಳಿದ ಪ್ರಶ್ನೆಯ ಮುಂದೆ ಅಜ್ಜನ ಕೈ ತಪ್ಪಿ ‘ಹೌದು’ ಒತ್ತಿಬಿಟ್ಟಿತು. ಕೂಸಿಗೆ ಆಗ ಮೂರು ತಿಂಗಳು. ಅನುಮತಿ ಸಿಗಲಿಲ್ಲ, ಲಂಡನ್ನಿನ ಅಮೆರಿಕದ ರಾಯಭಾರ ಕಚೇರಿಗೆ ಸಂದರ್ಶನಕ್ಕೆ ಬರುವಂತೆ ಆ ಕೂಸಿಗೆ ಕರೆ ಬಂತು.

ಈ ಸುದ್ದಿಯನ್ನು ಓದಿದಾಗಿನಿಂದ ಆ ಸಂದರ್ಶನ ನನ್ನ ತಲೆಯೊಳಗೆ ಎಷ್ಟು ಬಾರಿ ನಡೆದಿದೆಯೆಂದು ಲೆಕ್ಕವಿಟ್ಟಿಲ್ಲ. ಅಧಿಕಾರಿ ಕಡತವನ್ನು ತೆರೆಯುತ್ತಾರೆ. ಎದುರಿಗೆ ಆರೋಪಿ, ತಾಯಿಯ ಭುಜದ ಮೇಲೆ ಗಲ್ಲವೂರಿ, ಗಾಜಿನ ಹಿಂದಿನ ದೀಪವನ್ನು ಎವೆಯಿಕ್ಕದೆ ನೋಡುತ್ತಿದ್ದಾನೆ. ಅಧಿಕಾರಿಗೆ ನಗು ಬಂದಿರಬೇಕು. ಆದರೆ ನಗುವಂತಿಲ್ಲ, ಏಕೆಂದರೆ ಅಲ್ಲಿ ತಮಾಷೆ ಮಾಡಬಾರದೆಂಬ ನಿಯಮ ಕಿಟಕಿಯ ಆ ಬದಿಯವರಿಗೂ ಅನ್ವಯಿಸುತ್ತದೆ. ಬೆರಳಚ್ಚು ಕೇಳಿರಲಾರರು, ಹದಿನಾಲ್ಕು ವರ್ಷದೊಳಗಿನವರಿಂದ ಅದನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ, ಮತ್ತು ಆ ಹೊತ್ತಿಗೆ ಆರೋಪಿಯ ಹತ್ತು ಬೆರಳುಗಳಲ್ಲಿ ಐದು ಬಾಯೊಳಗಿದ್ದಿರಲೂ ಸಾಕು. ಹಿಂದಿನ ನಡವಳಿಕೆಯ ಬಗ್ಗೆ ಕೇಳೋಣವೆಂದರೆ ಹಿಂದಿನದೆಂಬುದು ಒಟ್ಟು ತೊಂಬತ್ತು ದಿನ. ಅದರಲ್ಲಿ ಹೆಚ್ಚಿನ ಪಾಲು ನಿದ್ದೆ. ಸಹಚರರು ಯಾರೆಂದು ಕೇಳಿದರೆ ತಾಯಿಯೊಬ್ಬಳೇ. ರಾತ್ರಿ ಎರಡು ಗಂಟೆಗೆ ಇಡೀ ಮನೆಯನ್ನು ಭಯಭೀತಗೊಳಿಸಿದ್ದುಂಟೇ ಎಂದು ಕೇಳಿದ್ದರೆ ಮಾತ್ರ ಪ್ರಕರಣ ಜಟಿಲವಾಗುತ್ತಿತ್ತು. ಆ ಪ್ರಶ್ನೆಗೆ ಮೂರು ತಿಂಗಳ ಯಾವ ಕೂಸೂ ಪ್ರಮಾಣ ಮಾಡಿ ‘ಇಲ್ಲ’ವೆನ್ನಲಾರದು.

ಕೊನೆಗೆ ಕೂಸು ನಿರಪರಾಧಿಯೆಂದು ತೀರ್ಮಾನವಾಯಿತು. ಆದರೆ ವೀಸಾ ಸಕಾಲಕ್ಕೆ ಕೈಸೇರದೆ ಹೊರಡುವ ದಿನ ತಪ್ಪಿ, ಕುಟುಂಬ ಬೇರೆ ದುಬಾರಿ ಟಿಕೆಟ್ ಕೊಳ್ಳಬೇಕಾಯಿತು. ನನ್ನ ಮರುಕವೆಲ್ಲ ಆ ಅಜ್ಜನ ಕಡೆಗೆ. ಅಷ್ಟು ಜನರ ಅಷ್ಟೂ ‘ಇಲ್ಲ’ಗಳನ್ನು ಒಂದೊಂದಾಗಿ ಒತ್ತುತ್ತಾ ಬಂದವರಿಗೆ ಒಂದೇ ಒಂದು ಕಡೆ ಬೆರಳು ಜಾರಿದ್ದನ್ನು ಆ ಮನೆಯವರು ಇನ್ನೆಷ್ಟು ವರ್ಷ ನೆನಪಿಸಲಿದ್ದಾರೋ! ಹೌದು ಮತ್ತು ಇಲ್ಲಗಳ ನಡುವೆ ಪರದೆಯ ಮೇಲೆ ಇರುವ ಅಂತರ ಒಂದು ಸಾಸಿವೆಕಾಳಿನಷ್ಟು. ಅಷ್ಟು ದೊಡ್ಡ ಪ್ರಶ್ನೆಗೆ ಅಷ್ಟು ಚಿಕ್ಕ ಬಟನ್ ಇಟ್ಟವರನ್ನು ಯಾರೂ ಸಂದರ್ಶನಕ್ಕೆ ಕರೆಯಲಿಲ್ಲ.

ತಪ್ಪಿ ಅಲ್ಲದೆ ಬೇಕೆಂದೇ ಅಡ್ಡ ಉತ್ತರ ಕೊಟ್ಟವರ ಕತೆಯೂ ಇದೆ. ಬ್ರಿಟನ್ನಿನ ಪ್ರಸಾರಕ ಗಿಲ್ಬರ್ಟ್ ಹಾರ್ಡಿಂಗ್ ಅವರಿಗೆ ಅಮೆರಿಕದ ಅರ್ಜಿಯಲ್ಲಿ, ಅಲ್ಲಿಯ ಸರ್ಕಾರವನ್ನು ಉರುಳಿಸುವ ಉದ್ದೇಶವಿದೆಯೇ ಎಂಬ ಪ್ರಶ್ನೆ ಎದುರಾದಾಗ, ಭೇಟಿಯ ಏಕೈಕ ಉದ್ದೇಶ ಅದೇ ಎಂದು ಬರೆದರೆಂದು ಹೇಳುವುದುಂಟು. ನಡೆದದ್ದೋ ಕಟ್ಟಿದ್ದೋ, ಆ ಕತೆಯನ್ನು ಓದುವಾಗ ನನಗೆ ಕಾಣುವುದು ಅವರ ಧೈರ್ಯವಲ್ಲ, ಅವರ ಸೌಭಾಗ್ಯ: ಅವರ ಕಾಲದ ಅರ್ಜಿಯಲ್ಲಿ ಬರೆಯಲು ಜಾಗವಿತ್ತು.

ಇಂಥ ಪ್ರಶ್ನೆಗಳ ವಂಶಾವಳಿಯೂ ವಿಚಿತ್ರವಾಗಿದೆ. 1901ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ವಿಲಿಯಂ ಮೆಕಿನ್ಲಿ ಅವರನ್ನು ಲಿಯಾನ್ ಚೋಲ್ಗೋಶ್ ಎಂಬ ಅರಾಜಕತಾವಾದಿ ಗುಂಡಿಟ್ಟು ಕೊಂದ. ಅದರ ಬೆನ್ನಿಗೆ 1903ರಲ್ಲಿ, ಅರಾಜಕತಾವಾದಿಗಳು ದೇಶದೊಳಗೆ ಬರಕೂಡದೆಂಬ ಕಾನೂನು ಬಂತು. ಮರುವರ್ಷವೇ ಇಂಗ್ಲೆಂಡಿನ ಕಾರ್ಮಿಕ ಮುಖಂಡ ಜಾನ್ ಟರ್ನರ್ ಅವರ ಗಡೀಪಾರನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಎಲ್ಲವೂ ಸರಿಯೇ, ಒಂದು ಸಂಗತಿಯ ಹೊರತು. ಚೋಲ್ಗೋಶ್ ಹುಟ್ಟಿದ್ದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮಲ್ಲಿ ಮಾತ್ರ ನಡೆಯುತ್ತದೆಂದು ನಂಬಿದ್ದೆ.

ಕಳ್ಳ ತಾನು ಕಳ್ಳನೆಂದು ಒಪ್ಪಿಕೊಳ್ಳುವುದಿಲ್ಲವೆಂಬುದು ಕೇಳುವವರಿಗೂ ಗೊತ್ತು. ಅವರಿಗೆ ಬೇಕಾಗಿರುವುದು ಸತ್ಯವಲ್ಲ, ಸಹಿ ಹಾಕಿದ ಒಂದು ಸುಳ್ಳು. ಮಾಡಿದ ಕೃತ್ಯವನ್ನು ಸಾಬೀತುಪಡಿಸುವುದು ಕಷ್ಟ. ಅರ್ಜಿಯಲ್ಲಿ ಸುಳ್ಳಾಡಿದ್ದನ್ನು ಸಾಬೀತುಪಡಿಸುವುದು ಸುಲಭ, ಹೊರಗೆ ಹಾಕಲು ಅಷ್ಟೇ ಸಾಕು. ನಾಜಿಗಳ ಜೊತೆಗಿದ್ದದ್ದನ್ನು ವಲಸೆಯ ಕಾಗದಗಳಲ್ಲಿ ಮುಚ್ಚಿಟ್ಟವರು ದಶಕಗಳ ಬಳಿಕ ಅಮೆರಿಕದ ಪೌರತ್ವವನ್ನು ಕಳೆದುಕೊಂಡದ್ದು ಇದೇ ದಾರಿಯಲ್ಲಿ. ಅಲ್ಲಿಗೆ ವೀಸಾ ಇಲ್ಲದೆ ಹೋಗುವವರು ವಿಮಾನದಲ್ಲಿ ತುಂಬುತ್ತಿದ್ದ ಹಸಿರು ಕಾಗದದಲ್ಲಿ, 1933 ಮತ್ತು 1945ರ ನಡುವೆ ನಾಜಿಗಳ ಹಿಂಸಾಚಾರದಲ್ಲಿ ಪಾಲ್ಗೊಂಡಿದ್ದಿರಾ ಎಂಬ ಪ್ರಶ್ನೆ ಬಹುಕಾಲ ಇತ್ತು; 1990ರಲ್ಲಿ ಹುಟ್ಟಿದವರೂ ಅದಕ್ಕೆ ಗಂಭೀರವಾಗಿ ‘ಇಲ್ಲ’ ಎಂದು ಗುರುತು ಹಾಕಬೇಕಿತ್ತು. ನ್ಯಾಯವಾಗಿ ಅದಕ್ಕೆ ಉತ್ತರ, ಆಗ ನಾನೇ ಇರಲಿಲ್ಲ ಎಂಬುದು.

ನಾನು ಹೇಳಹೊರಟಿದ್ದ ಹೊಳಹು ಇಲ್ಲಿಯೇ ಎಲ್ಲೋ ಇತ್ತು. ಎಂಟನೆಯ ‘ಇಲ್ಲ’ವನ್ನು ಒತ್ತಿ, ಒಂಬತ್ತನೆಯದರ ಮುಂದೆ ಬೆರಳನ್ನು ಎತ್ತಿ ಹಿಡಿದು, ಅದು ಮನಸ್ಸಿನಲ್ಲಿ ವಾಕ್ಯದ ರೂಪ ತಾಳುವುದನ್ನೇ ಕಾಯುತ್ತಿದ್ದೆ. ಅಷ್ಟರಲ್ಲಿ ಪರದೆ ಬೆಳ್ಳಗಾಗಿ, ಬಹಳ ಹೊತ್ತು ಏನನ್ನೂ ಮಾಡದೆ ಕುಳಿತಿದ್ದರಿಂದ ನನ್ನ ಅವಧಿ ಮುಗಿದಿದೆ, ಮೊದಲಿನಿಂದ ಆರಂಭಿಸತಕ್ಕದ್ದು ಎಂದಿತು. ಏನನ್ನೂ ಮಾಡದೆ! ಮತ್ತೆ ಸಿಗ್ನಲ್ ಕಂಬಗಳು, ಮತ್ತೆ ತಂದೆತಾಯಿ, ಮತ್ತೆ ಮೊದಲ ರಾತ್ರಿಯ ವಿಳಾಸ. ಎರಡನೆಯ ಸುತ್ತಿನಲ್ಲಿ ಮಗಳ ಮಾತು ಕೇಳಿ ಒಂಬತ್ತನ್ನೂ ಓದದೆ ಒತ್ತಿದೆ. ಹೊಳಹು ತಿರುಗಿ ಬರಲಿಲ್ಲ.

ಉಳಿದದ್ದು ಪಾಸ್‌ಪೋರ್ಟಿನ ವಿವರ. 1920ರಲ್ಲಿ ರಾಷ್ಟ್ರಸಂಘ ಪ್ಯಾರಿಸ್ಸಿನಲ್ಲಿ ಸಭೆ ಕರೆದು, ಎಲ್ಲ ದೇಶಗಳೂ 32 ಪುಟಗಳ ಒಂದೇ ಬಗೆಯ ಪುಸ್ತಕವನ್ನು ಮಾಡಬೇಕೆಂದು ಶಿಫಾರಸು ಮಾಡಿದಾಗ, ಮಹಾಯುದ್ಧದ ಗಾಯ ಮಾಗಿದ ಮೇಲೆ ಈ ಪುಸ್ತಕವೇ ಬೇಡವಾಗಿ ಜನ ಮೊದಲಿನಂತೆ ಓಡಾಡುವರೆಂಬ ಆಸೆ ಆ ಸಭೆಯಲ್ಲಿತ್ತು. ನೂರು ವರ್ಷ ದಾಟಿತು. ಪುಸ್ತಕ ಹೋಗಲಿಲ್ಲ, ಅದನ್ನು ತೋರಿಸುವುದಕ್ಕೆ ಮುಂಚೆ ತುಂಬುವ ಅರ್ಜಿ ಬಂತು.

ಆ ಪುಸ್ತಕದ ಸಂಖ್ಯೆಯನ್ನು ಬರೆಯುವಾಗ ಒಂದು ಎಚ್ಚರಿಕೆ ಕೆಂಪಕ್ಷರದಲ್ಲಿ ಕಾಣಿಸಿತು. ‘ಓ’ ಎಂಬ ಇಂಗ್ಲಿಷ್ ಅಕ್ಷರಕ್ಕೂ ಸೊನ್ನೆಗೂ ಗೊಂದಲ ಮಾಡಿಕೊಳ್ಳಬೇಡಿ. ಸಂಖ್ಯೆ ತಪ್ಪಿದ್ದರೆ ಅನುಮತಿ ಸಿಂಧುವಲ್ಲ, ಶುಲ್ಕ ಮರಳಿಸಲಾಗದು. ನನ್ನ ಸಂಖ್ಯೆಯ ನಡುವೆ ದುಂಡಗೆ ಒಂದು ಕುಳಿತಿದೆ. ಅದು ಸೊನ್ನೆಯೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಒತ್ತಿದ್ದು ಸೊನ್ನೆಯನ್ನೇ ಎಂಬುದರಲ್ಲಿ ಮಾತ್ರ ಇತ್ತು, ಏಕೆಂದರೆ ಕೀಲಿಮಣೆಯಲ್ಲಿ ಸೊನ್ನೆಯ ಕಾಲಬುಡದಲ್ಲೇ ‘ಓ’ ಇದೆ, ಮತ್ತು ಆ ತಾಣ ಆರಿಸಿಕೊಂಡಿದ್ದ ಅಕ್ಷರವಿನ್ಯಾಸದಲ್ಲಿ ಎರಡೂ ಅವಳಿಗಳಂತೆ ಕಾಣುತ್ತಿದ್ದವು. ಅನುಸ್ವಾರಕ್ಕೂ ಅಂಕಿಗೂ ಒಂದೇ ದುಂಡು ಬರೆದು ಎರಡನ್ನೂ ಸೊನ್ನೆಯೆಂದೇ ಕರೆಯುವ ಭಾಷೆಯವನು ಈ ಬಗ್ಗೆ ಹೆಚ್ಚು ಮಾತನಾಡಬಾರದೇನೋ. ಆದರೆ ನಮ್ಮ ಸೊನ್ನೆಯನ್ನು ತಪ್ಪಾಗಿ ಓದಿದವರನ್ನು ಯಾರೂ ವಿಮಾನದಿಂದ ಇಳಿಸುವುದಿಲ್ಲ.

ಹೊಟ್ಟೆಯುರಿಯುವುದು ಎಲ್ಲಿ ಎಂದರೆ, ಇದಕ್ಕೆಲ್ಲ ಪರಿಹಾರ ಎಂದೋ ಸಿಕ್ಕಿದೆ. ಜರ್ಮನಿಯವರು ತಮ್ಮ ಪಾಸ್‌ಪೋರ್ಟ್ ಸಂಖ್ಯೆಗಳಲ್ಲಿ ‘ಓ’ ಅಕ್ಷರವನ್ನು ಬಳಸುವುದೇ ಇಲ್ಲ. ಅಲ್ಲಿ ದುಂಡಗೆ ಕಂಡದ್ದೆಲ್ಲ ಸೊನ್ನೆ. ಇನ್ನು, ಯಂತ್ರಗಳು ಓದಲೆಂದು ಎಲ್ಲ ಪಾಸ್‌ಪೋರ್ಟುಗಳ ಕೆಳಗಡೆ 44 ಅಕ್ಷರಗಳ ಎರಡು ಸಾಲುಗಳಿರುತ್ತವೆ. ಅವುಗಳ ಅಕ್ಷರರೂಪವಾದ ಒಸಿಆರ್-ಬಿ ಎಂಬುದನ್ನು 1968ರಲ್ಲಿ ಏಡ್ರಿಯನ್ ಫ್ರೂಟಿಗರ್ ಎಂಬ ಸ್ವಿಸ್ ಕಲಾವಿದ ರೂಪಿಸಿದ್ದೇ ಮನುಷ್ಯನ ಕಣ್ಣಿಗೂ ಯಂತ್ರದ ಕಣ್ಣಿಗೂ ಹೊಂದುವಂತೆ. ಅಷ್ಟು ಸಾಲದೆಂದು, ಸಂಖ್ಯೆಯ ಪಕ್ಕದಲ್ಲೇ ಒಂದು ತಾಳೆ ನೋಡುವ ಅಂಕಿ ಇರುತ್ತದೆ. ಸಂಖ್ಯೆಯ ಒಂದೊಂದು ಸ್ಥಾನವನ್ನು ಕ್ರಮವಾಗಿ 7, 3, 1ರಿಂದ ಗುಣಿಸಿ, ಮತ್ತೆ 7, 3, 1ರಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಹತ್ತರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ ಅಂಕಿ. ಈ ಲೆಕ್ಕದಲ್ಲಿ ‘ಓ’ ಅಕ್ಷರದ ಬೆಲೆ 24, ಸೊನ್ನೆಯ ಬೆಲೆ ಸೊನ್ನೆ. ಹಾಗಾಗಿ ಸೊನ್ನೆಯ ಜಾಗದಲ್ಲಿ ‘ಓ’ ಬಂದರೆ ಶೇಷ ಸ್ಥಾನಕ್ಕೆ ತಕ್ಕಂತೆ 8, 2 ಅಥವಾ 4ರಷ್ಟು ಪಲ್ಲಟವಾಗುತ್ತದೆ. ಯಾವ ಸ್ಥಾನದಲ್ಲಿ ಬಂದರೂ ಕಳ್ಳ ಸಿಕ್ಕಿಬೀಳಲೇಬೇಕು. ಆ ರಾತ್ರಿ ಕಾಗದ ಪೆನ್ನು ಹಿಡಿದು ಇದನ್ನು ಮೂರು ಬಾರಿ ಲೆಕ್ಕ ಮಾಡಿ ಖಚಿತಪಡಿಸಿಕೊಂಡೆ. ನಾನು ಜನಾಂಗಹತ್ಯೆ ಮಾಡಿದ್ದೇನೆಯೇ ಎಂದು ಕೇಳಲು ಜಾಗವಿದ್ದ ಆ ಅರ್ಜಿಯಲ್ಲಿ, ಆ ಒಂದು ಅಂಕಿಯನ್ನು ಕೇಳಲು ಜಾಗವಿರಲಿಲ್ಲ.

ಶುಲ್ಕದ ಮಾತನ್ನು ಬೇಗ ಮುಗಿಸುತ್ತೇನೆ. ಅಮೆರಿಕದವರು ಮೊದಲು ಏನನ್ನೂ ಕೇಳುತ್ತಿರಲಿಲ್ಲ. 2010ರಲ್ಲಿ 14 ಡಾಲರ್ ಆಯಿತು, 2022ರಲ್ಲಿ 21, 2025ರಲ್ಲಿ 40. ಮೊದಲ 14ರಲ್ಲಿ ಅರ್ಜಿ ಪರಿಶೀಲನೆಗೆಂದು ತೆಗೆದುಕೊಂಡದ್ದು 4 ಡಾಲರ್. ಉಳಿದ 10 ಹೋದದ್ದು ‘ನಮ್ಮ ದೇಶಕ್ಕೆ ಬನ್ನಿ’ ಎಂದು ಜಗತ್ತಿಗೆ ಜಾಹೀರಾತು ಕೊಡುವುದಕ್ಕೆ. ಬರುತ್ತೇನೆಂದು ಬಾಗಿಲಲ್ಲಿ ನಿಂತವನ ಜೇಬಿನಿಂದಲೇ ಕರೆಯೋಲೆಯ ಖರ್ಚನ್ನು ಕೀಳುವ ಈ ಉಪಾಯ ಯಾರಿಗೆ ಹೊಳೆಯಿತೋ! ಯೂರೋಪಿನವರದು ಇನ್ನೂ ಸೊಗಸು. ತಮ್ಮ ವ್ಯವಸ್ಥೆಗೆ 7 ಯೂರೊ ಎಂದು 2018ರಲ್ಲಿ ಕಾನೂನು ಮಾಡಿ, ಆರಂಭವನ್ನು ಮತ್ತೆ ಮತ್ತೆ ಮುಂದೂಡಿ, ಅದು ಕಣ್ಣು ಬಿಡುವ ಮೊದಲೇ 2025ರಲ್ಲಿ ದರವನ್ನು 20 ಯೂರೊಗೆ ಏರಿಸಲು ನಿರ್ಧರಿಸಿದರು. ಹುಟ್ಟದ ಕೂಸಿಗೆ ಕುಲಾವಿ ಹೊಲಿಸಿದವರುಂಟು. ಕುಲಾವಿಯ ಬೆಲೆಯನ್ನು ಮೂರು ಪಟ್ಟಿಗೆ ಹತ್ತಿರ ಏರಿಸಿದವರು ಇವರೇ ಇರಬೇಕು.

ನಾನೂ ಹಣ ಕಟ್ಟಿದೆ. ಪರಿಶೀಲನೆಗೆ 72 ಗಂಟೆಗಳವರೆಗೆ ಹಿಡಿಯಬಹುದೆಂದು ಹೇಳಿದ್ದರು. ಬಾಕಿಯಿದ್ದ ನಾಲ್ಕು ದಿನದಲ್ಲಿ ಮೂರು ದಿನವನ್ನು ಆತಂಕಕ್ಕೆಂದು ಎತ್ತಿಟ್ಟು, ನೀರು ಕುಡಿಯಲು ಎದ್ದುಹೋಗಿ ಬರುವಷ್ಟರಲ್ಲಿ ಅನುಮತಿ ಬಂದಿತ್ತು. ನಾಲ್ಕು ನಿಮಿಷ. ಸಂತೋಷವಾಗಬೇಕಿತ್ತು, ಆಗಲಿಲ್ಲ. ನನ್ನ ತಂದೆತಾಯಿ, ನನ್ನ ಉದ್ಯೋಗ, ನಾನು ಮಲಗುವ ಜಾಗ, ಮಾಡದೆ ಬಿಟ್ಟ ಅಷ್ಟೂ ಪಾತಕಗಳು, ಎಲ್ಲವನ್ನೂ ಒಬ್ಬ ಅಪರಿಚಿತನ ಮುಂದೆ ಬಿಚ್ಚಿಟ್ಟು ಕುಳಿತವನಿಗೆ, ಅವನು ಕುರ್ಚಿಯನ್ನೂ ಎಳೆದುಕೊಳ್ಳದೆ ‘ಸರಿ ಹೋಗು’ ಎಂದರೆ ಹೇಗಾಗಬೇಡ? ಒಂದು ಹುಬ್ಬು ಕೂಡ ಮೇಲೇರಲಿಲ್ಲ. ಹಿಂದಿನ ಕಾಲದ ವೀಸಾ ಅಧಿಕಾರಿ ಸಿಡುಕನಿರಬಹುದು, ಆದರೆ ಕಾಗದವನ್ನು ತಿರುವಿ ಹಾಕಿ ಮುಖವನ್ನೊಮ್ಮೆ ನೋಡುತ್ತಿದ್ದ. ಅವನ ಮೇಲೆ ಮನೆಗೆ ಬಂದು ಕೋಪಮಾಡಿಕೊಳ್ಳಬಹುದಿತ್ತು. ಇವರ ಮೇಲೆ ಹೇಗೆ ಕೋಪಮಾಡಿಕೊಳ್ಳುವುದೆಂದು ನನಗಿನ್ನೂ ತಿಳಿದಿಲ್ಲ. ಅನುಮತಿಪತ್ರದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿತ್ತು: ಈ ಅನುಮತಿಯು ದೇಶದೊಳಗೆ ಪ್ರವೇಶ ದೊರೆಯುವುದೆಂಬ ಖಾತರಿಯಲ್ಲ. ಅಂದರೆ, ಒಳಗೆ ಬರಲು ಅನುಮತಿ ಕೇಳುವ ಸಲುವಾಗಿ ವಿಮಾನ ಹತ್ತಲು ಅನುಮತಿ.

ಆ ಸಾಲಿನ ಮೇಲೆ ನನ್ನ ಪಾಸ್‌ಪೋರ್ಟ್ ಸಂಖ್ಯೆಯಿತ್ತು. ಅದರ ನಡುವೆ ಆ ದುಂಡು. ಹಿಗ್ಗಿಸಿ ನೋಡಿದೆ, ದೊಡ್ಡ ದುಂಡಾಯಿತು. ಕನ್ನಡಕ ತೆಗೆದು ನೋಡಿದೆ, ಹಾಕಿ ನೋಡಿದೆ. ಸೊನ್ನೆಯಾದರೆ ಸ್ವಲ್ಪ ಬಡಕಲಾಗಿರಬೇಕೆಂದು ಮಗಳು ಹೇಳಿದಳು. ಬಡಕಲೋ ಅಲ್ಲವೋ ಎಂದು ಹೇಳಲು ಪಕ್ಕದಲ್ಲಿ ಹೋಲಿಸಲು ಇನ್ನೊಂದು ದುಂಡಿರಲಿಲ್ಲ. ನಡುರಾತ್ರಿಯ ಹೊತ್ತಿಗೆ ನನಗೊಂದು ಉಪಾಯ ತೋಚಿತು. ಈ ಬಾರಿ ಕಣ್ಣಲ್ಲಿ ಕಣ್ಣಿಟ್ಟು ಸೊನ್ನೆಯನ್ನೇ ಒತ್ತಿ ಇನ್ನೊಂದು ಅರ್ಜಿ ಹಾಕುವುದು. ಮೊದಲನೆಯದು ತಪ್ಪಾಗಿದ್ದರೆ ಇದು ಮಂಜೂರಾಗುತ್ತದೆ. ಸರಿಯಿದ್ದರೆ ಯಂತ್ರವೇ ಬೇಡವೆನ್ನುತ್ತದೆ. ಮತ್ತೆ ಸಿಗ್ನಲ್ ಕಂಬಗಳನ್ನು ಗುರುತಿಸಿ, ಮತ್ತೆ ಒಂಬತ್ತು ‘ಇಲ್ಲ’ಗಳನ್ನು ಒತ್ತಿ, ಮತ್ತೆ ಹಣ ಕಟ್ಟಿದೆ.

ಈ ಸಲ ಮೂರೇ ನಿಮಿಷ. ಅರ್ಜಿ ತಿರಸ್ಕೃತವಾಗಿದೆ, ಇದೇ ಪಾಸ್‌ಪೋರ್ಟಿಗೆ ಅನುಮತಿಯೊಂದು ಈಗಾಗಲೇ ಚಾಲ್ತಿಯಲ್ಲಿದೆ. ಮೊದಲ ಬಾರಿ ಒತ್ತಿದ್ದೂ ಸೊನ್ನೆಯೇ! ತಿರಸ್ಕಾರವೊಂದನ್ನು ಅಷ್ಟು ಸಂತೋಷದಿಂದ ನಾನೆಂದೂ ಓದಿರಲಿಲ್ಲ. ಹೋಗಿ ಮಲಗಿದೆ, ಪ್ರಯಾಣವೂ ಸುಸೂತ್ರವಾಗಿ ನಡೆಯಿತು, ಅಲ್ಲಿಯ ಅಧಿಕಾರಿ ನನ್ನನ್ನು ಏನನ್ನೂ ಕೇಳಲಿಲ್ಲ.

ಊರಿಗೆ ಮರಳಿದ ಮೇಲೆ, ಪಾಸ್‌ಪೋರ್ಟನ್ನು ಬೀರುವಿನಲ್ಲಿ ಇಡುವ ಹೊತ್ತಿಗೆ, ಒಂಬತ್ತನೆಯ ಪ್ರಶ್ನೆ ನೆನಪಾಯಿತು. ಈ ಅನುಮತಿಯ ಅವಧಿ ಎರಡು ವರ್ಷ. ಆಮೇಲೆ ಮತ್ತೆ ಅರ್ಜಿ ತುಂಬಬೇಕಾದಾಗ, ಈ ಹಿಂದೆ ಯಾವುದೇ ದೇಶ ತಮ್ಮ ಅರ್ಜಿಯನ್ನು ತಿರಸ್ಕರಿಸಿದೆಯೇ ಎಂದು ಅವರು ಕೇಳುತ್ತಾರೆ. ತಿರಸ್ಕರಿಸಿದ್ದಾರೆ, ಮಿಂಚಂಚೆಯಲ್ಲಿ ಅದೇ ಪದವಿದೆ. ಮಗಳನ್ನು ಕರೆದು ಕೇಳಿದೆ.

“ಅದು ತಿರಸ್ಕಾರವೇ ಅಲ್ಲಪ್ಪ. ‘ಇಲ್ಲ’ ಅಂತ ಒತ್ತು” ಎಂದಳು.

ಅಲ್ಲವಾದದ್ದಕ್ಕೆ ಇಲ್ಲವೆನ್ನಬಹುದೇ ಎಂದು ನಾನು ಕೇಳುವಷ್ಟರಲ್ಲಿ ಅವಳು ಎದ್ದು ಹೋಗಿದ್ದಳು.